ಸುಳ್ಳು ಹೇಳುವ ಅಳತೆಕೋಲು

"ಅಕ್ಕಾ, ನಾಳೆ ಸಂಜೆಯೊಳಗೆ ನಾನು ಕಳ್ಳಿ ಅಲ್ಲ ಅಂತ ಯಾರಾದ್ರೂ ಹೇಳ್ಬೇಕು. ಇಲ್ದಿದ್ರೆ ಪೊಲೀಸ್ನೋರು ಬಂದು, ಹೌದು ಅಂತ ಬರ್ಕೊಂಡು ಹೋಗ್ತಾರೆ."

ಬಾಗಿಲಲ್ಲಿ ನಿಂತೇ ಇಷ್ಟು ಹೇಳಿದವಳು, ನಾಲ್ಕು ತಿಂಗಳ ಹಿಂದೆ ತೀರಿಹೋದ ಮರಗೆಲಸದ ಮೇಸ್ತ್ರಿಯ ಶಿಷ್ಯೆ. ಮೂವತ್ತೈದರ ಆಸುಪಾಸಿನ ಹೆಂಗಸು. ಹನ್ನೊಂದು ವರ್ಷ ಅವರ ಕೈಕೆಳಗೆ ಉಳಿ ಹಿಡಿದವಳು, ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿದವರಿಲ್ಲ. ಗಾರ್ಡಣ್ಣ ಪೇಪರ್ ಮಡಚಿಟ್ಟು ಕುರ್ಚಿ ಎಳೆದುಕೊಟ್ಟ. ಅವಳು ಕೂರಲಿಲ್ಲ.

ಗಾರ್ಡಣ್ಣ ಮೂವತ್ತು ವರ್ಷ ರೈಲಿನ ಹಿಂದಿನ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ಬೀಸಿ ನಿವೃತ್ತನಾದವನು. ಅವನ ಅಕ್ಕ ಊರಿನ ಕೈಗಾರಿಕಾ ಶಾಲೆಯಲ್ಲಿ ಹೊಲಿಗೆ ಟೀಚರ್ ಆಗಿದ್ದಳು. ಕೆಲಸ ಬಿಟ್ಟರೂ ಕೊರಳಿನ ಟೇಪು ಇಳಿಯಲಿಲ್ಲವಾದ್ದರಿಂದ ಬೀದಿಗೆಲ್ಲ ಟೇಪಕ್ಕ. ಯಾರ ಮನೆಯಲ್ಲಿ ಏನು ಕಳೆದರೂ, ಯಾರ ಮಾತು ಯಾರ ಮಾತಿಗೆ ಹೊಂದದೆ ಹೋದರೂ, ಜನ ಪೊಲೀಸ್ ಠಾಣೆಗಿಂತ ಮೊದಲು ಈ ಮಹಡಿ ಮನೆಯ ಮೆಟ್ಟಿಲು ಹತ್ತುತ್ತಿದ್ದರು. "ಸುಳ್ಳಿಗೂ ಒಂದು ಅಳತೆ ಇರುತ್ತೆ ಕಣೋ, ಹಿಡಿದು ನೋಡ್ಬೇಕು ಅಷ್ಟೆ" ಎನ್ನುವುದು ಅವಳ ಮಾತು. ಹಿಡಿದು ನೋಡುವವಳು ಅಕ್ಕ. ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು ನಿಲ್ಲುವವನು ತಮ್ಮ.

"ಕೂತ್ಕೊ ತಾಯಿ, ಮೊದ್ಲು ನೀರು ಕುಡಿ," ಎಂದಳು ಟೇಪಕ್ಕ. "ಕಳೆದಿದ್ದು ಏನು?"

"ಅಂಗೈ ಮುಚ್ಚಳ."

ಆ ಮುಚ್ಚಳವನ್ನು ಇಬ್ಬರೂ ಬಲ್ಲರು. ಮೇಸ್ತ್ರಿ ತನ್ನ ಹತ್ಯಾರುಗಳನ್ನು ಇಡಲು ಸ್ವಂತಕ್ಕೆ ಮಾಡಿಕೊಂಡ ದೊಡ್ಡ ಪೆಟ್ಟಿಗೆಯದು. ಎರಡಡಿ ಉದ್ದ, ಒಂದಡಿ ಅಗಲ. ಪೆಟ್ಟಿಗೆಯ ಬಾಯೊಳಗೆ ಇಳಿದು ಕೂತರೆ ಅಂಚು ಎಲ್ಲಿದೆ ಎಂದು ಬೆರಳಿಗೂ ತಿಳಿಯುತ್ತಿರಲಿಲ್ಲ. ನಡುವೆ, ಕಡುಗೆಂಪು ಮರದಲ್ಲಿ ತಿಳಿಹಳದಿ ಮರ ಕೂರಿಸಿ ಮಾಡಿದ ಒಂದು ಪುಟ್ಟ ಅಂಗೈ. ಒಬ್ಬಳೇ ಮಗಳಿಗೆ ಐದು ವರ್ಷವಾಗಿದ್ದಾಗ ಅವಳ ಕೈಯನ್ನು ಹಲಗೆಯ ಮೇಲಿಡಿಸಿ, ಸುತ್ತ ಗೆರೆ ಎಳೆದು ಮಾಡಿದ್ದಂತೆ.

ಸಾಯುವ ಮುಂಚೆ ಮೇಸ್ತ್ರಿ ಹತ್ಯಾರುಗಳನ್ನೆಲ್ಲ ಪೆಟ್ಟಿಗೆ ಸಮೇತ ಆ ಕೈಗಾರಿಕಾ ಶಾಲೆಗೆ ಬರೆದುಕೊಟ್ಟಿದ್ದರು. ಮಗಳೂ ಸಹಿ ಹಾಕಿದ್ದಳು. ಶಾಲೆಯವರು ಒಂದು ಕೋಣೆ ಮಾಡಿ, ಅದರ ಬೀಗದ ಕೈಯನ್ನೂ ಮಕ್ಕಳಿಗೆ ಕಲಿಸುವ ಕೆಲಸವನ್ನೂ ಶಿಷ್ಯೆಗೆ ಒಪ್ಪಿಸಿದ್ದರು. ಗುರುವಾರ ಉದ್ಘಾಟನೆ. ಇವತ್ತು ಸೋಮವಾರ.

"ಶನಿವಾರ ಬೆಳಿಗ್ಗೆ ಪೆಟ್ಟಿಗೆಗೆ ಎಣ್ಣೆ ಒರೆಸಿ ಬಿಳೀ ಬಟ್ಟೆ ಹೊದಿಸಿದ್ದೆ," ಎಂದಳು ಶಿಷ್ಯೆ. "ಇವತ್ತು ತೆಗೆದು ನೋಡ್ತೀನಿ, ಮುಚ್ಚಳ ಪೆಟ್ಟಿಗೆ ಒಳಗೆ ಕೂತಿಲ್ಲ, ಮೇಲೆ ಕೂತಿದೆ. ಪ್ರಿನ್ಸಿಪಾಲರು, ತಂಪಿಗೆ ಮರ ಉಬ್ಬಿದೆ ಬಿಡಿ ಅಂದ್ರು. ನಾನೇ ಬಾಯಿಬಿಟ್ಟೆ, ಇದು ಗುರುಗಳ ಮುಚ್ಚಳ ಅಲ್ಲ ಸಾರ್, ಅದರ ಕಿರುಬೆರಳಲ್ಲಿ ಎಳ್ಳಿನಷ್ಟು ಒಂದು ಗಂಟಿತ್ತು, ಇದರಲ್ಲಿಲ್ಲ ಅಂತ. ಅದಕ್ಕವರು, ಇಂಥಾ ನಕಲು ಮಾಡೋ ಕೈ ನಿಮ್ಮದು ಬಿಟ್ಟು ಇನ್ಯಾರದ್ದಿದೆ ಅಂತ ಕೇಳಿ, ಕೀ ಗೊಂಚಲು ಪೂರ್ತಿ ಇಸ್ಕೊಂಡ್ರು. ನಾಳೆ ಸಂಜೆ ಪೊಲೀಸ್ನೋರನ್ನ ಕರೀತೀನಿ ಅಂದ್ರು."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದು ಗಾರ್ಡಣ್ಣ ಗೊಣಗಿದ. ಅವನಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

"ಶನಿವಾರ ಆ ಕೋಣೇಲಿ ಒಬ್ಬೊಬ್ಬರೇ ಇದ್ದೋರು ಯಾರ್ಯಾರು?"

"ಬೆಳಿಗ್ಗೆ ನಾನು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅರ್ಧ ಗಂಟೆ ಗುರುಗಳ ಅಳಿಯ. ಕೊನೇ ಕಾಗದಕ್ಕೆ ಸಹಿ ಹಾಕೋಕೆ ಬಂದಿದ್ರು. ಗೋಡೆಗೆ ಹಾಕೋಕೆ ಅಂತ ಗುರುಗಳ ಎರಡು ಫೋಟೋ ದುಪ್ಪಟಿ ಸುತ್ಕೊಂಡು ತಂದಿದ್ರು. ಒಂದರ ಗಾಜು ಒಡೆದಿದೆ ಅಂತ ಮತ್ತೆ ಸುತ್ಕೊಂಡು ಹೋದ್ರು. ಸಂಜೆ ಡ್ರಾಯಿಂಗ್ ಮೇಷ್ಟ್ರು ಇದ್ರು, ಬೀಗ ಹಾಕೋಕೆ."

"ಮೇಸ್ತ್ರಿ ಕೆಲಸದ ಮನೆ ಕೀ?"

"ಅಳಿಯನ ಹತ್ರ ಒಂದು. ನನ್ನ ಗೊಂಚಲಲ್ಲಿ ಒಂದು."

ಟೇಪಕ್ಕ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನೇ ಆ ಮುಚ್ಚಳ ನಕಲು ಮಾಡೋದಾದ್ರೆ ಹೇಗೆ ಮಾಡ್ತಿದ್ದೆ?"

ಶಿಷ್ಯೆ ಅವಮಾನದ ನಡುವೆಯೂ ಕೆಲಸದ ಪ್ರಶ್ನೆಗೆ ಕೆಲಸದವಳಂತೆಯೇ ಉತ್ತರ ಕೊಟ್ಟಳು. "ಅಳೆಯೋದೇ ಇಲ್ಲ ಅಕ್ಕ. ಹಳೇದನ್ನ ಹೊಸ ಹಲಗೆ ಮೇಲಿಟ್ಟು ಸುತ್ತ ಗೀರು ಹಾಕ್ತೀನಿ. ಅಳತೆ ತಪ್ಪಬಹುದು, ಗೀರು ತಪ್ಪಲ್ಲ ಅಂತ ಗುರುಗಳು ಹೇಳ್ತಿದ್ರು."

ಶಾಲೆಯ ಕೋಣೆಯಲ್ಲಿ ಗೋಡೆ ತುಂಬ ಗರಗಸ, ಕೀಸುಳಿ, ಉಳಿಗಳು ಚೀಟಿ ಅಂಟಿಸಿಕೊಂಡು ತೂಗುತ್ತಿದ್ದವು. ನಡುವೆ ಪೆಟ್ಟಿಗೆ, ಅದರ ಮೇಲೆ ತಮ್ಮನ ತಲೆಗಿಟ್ಟ ಅಣ್ಣನ ಟೋಪಿಯಂತೆ ಆ ಮುಚ್ಚಳ. ಪ್ರಿನ್ಸಿಪಾಲರು ಕೈಕಟ್ಟಿ ನಿಂತರು. ಅವರು ಕೆಟ್ಟವರಲ್ಲ, ಉದ್ಘಾಟನೆಯ ಕಾರ್ಡು ಹಂಚಿಯಾಗಿದ್ದರಿಂದ ಯಾರನ್ನಾದರೂ ಬೈಯಲೇಬೇಕಾಗಿತ್ತು.

ಟೇಪಕ್ಕ ಅಳೆದಳು. ಉದ್ದ ಎರಡಡಿ, ಮೇಲೆ ಕಾಲಿಂಚು. ಅಗಲ ಒಂದಡಿ, ಮೇಲೆ ಅರೆಕಾಲು ಇಂಚು, ಅಂದರೆ ಕಾಲಿಂಚಿನ ಅರ್ಧ. ತನ್ನ ಟೇಪಿನ ಮೇಲೆ ನಂಬಿಕೆ ಸಾಲದೆ, ಡ್ರಾಯಿಂಗ್ ಮೇಷ್ಟ್ರ ಸ್ಟೀಲ್ ಸ್ಕೇಲಿನಿಂದ ಇನ್ನೊಮ್ಮೆ ಅಳೆದಳು. ಅದೇ ಬಂತು.

"ಉದ್ದದಲ್ಲೂ ಹೆಚ್ಚಾಗಿದೆ," ಎಂದಳು ಮೆಲ್ಲಗೆ. "ಮರ ತಂಪಿಗೆ ಉದ್ದಕ್ಕೆ ಉಬ್ಬುತ್ತಾ?"

"ಇಲ್ಲ," ಎಂದಳು ಬಾಗಿಲ ಬಳಿ ನಿಂತಿದ್ದ ಶಿಷ್ಯೆ. "ಅಡ್ಡಕ್ಕೆ ಮಾತ್ರ ಉಬ್ಬೋದು."

ಡ್ರಾಯಿಂಗ್ ಮೇಷ್ಟ್ರು ತಾವು ಬರೆದ ಹತ್ಯಾರುಗಳ ಪಟ್ಟಿ ತೆರೆದು ತೋರಿಸಿದರು. ಮುಚ್ಚಳದ ಪುಟದಲ್ಲಿ ಫೋಟೋ, ಅದರ ಕೆಳಗೆ ಎಲ್ಲ ಅಳತೆ: ಉದ್ದ, ಅಗಲ, ದಪ್ಪ, ಅಂಗೈಯ ಒಂದೊಂದು ಬೆರಳು ಕೂಡ. "ನಾನೇ ಕೂತು ಅಳೆದಿದ್ದು. ಒಂದು ಪ್ರತಿ ಶಾಲೆಗೆ, ಒಂದು ಪ್ರತಿ ಮೇಸ್ತ್ರಿ ಮನೆಯೋರಿಗೆ ಕೊಟ್ಟಿದ್ದೀನಿ," ಎಂದರು ಹೆಮ್ಮೆಯಿಂದ. ಆಮೇಲೆ ಕೊನೆಯ ಪುಟದ ಮೇಲೆ ಬೆರಳಿಟ್ಟು, ಸ್ವಲ್ಪ ತುಂಟತನದಲ್ಲಿ, "ಇದೊಂದು ಮಾತ್ರ ಹಾಗೇ ಉಳೀತು ನೋಡಿ," ಎಂದರು.

ಅಲ್ಲಿ ಬರೆದಿತ್ತು: *೧೪೩. ನಾಲ್ಕು ಮುಖದ ಕೋಲು. ಗುರುತಾಗಿಲ್ಲ.*

ಅಕ್ಕನ ಮುಖ ಕಿರಿದಾದದ್ದನ್ನು ಗಾರ್ಡಣ್ಣ ನೋಡಿದ. ತಿಂಗಳ ಹಿಂದೆ ಮೇಷ್ಟ್ರು ಆ ಕೋಲನ್ನು ಮನೆಗೇ ತಂದು, ಅಳತೆ ವಿಷಯ ನಿಮಗೆ ಗೊತ್ತಿರದೆ ಇನ್ಯಾರಿಗೆ ಎಂದು ಮೇಜಿನ ಮೇಲಿಟ್ಟಿದ್ದರು. ನುಣುಪಾದ ಗಟ್ಟಿ ಮರ, ಎರಡು ತುದಿಗೂ ಹಿತ್ತಾಳೆ. ನಾಲ್ಕು ಮುಖಕ್ಕೂ ಇಂಚಿನ ಗೆರೆಗಳಿದ್ದವು, ಆದರೆ ಒಂದು ಮುಖದ ಇಂಚು ಇನ್ನೊಂದರ ಇಂಚಿಗೆ ಹೊಂದುತ್ತಿರಲಿಲ್ಲ, ಯಾವುದೂ ನಿಜವಾದ ಇಂಚಿಗೆ ಹೊಂದುತ್ತಿರಲಿಲ್ಲ. ಪ್ರತಿ ಮುಖದ ತುದಿಯಲ್ಲಿ ಸಾಸಿವೆಯಷ್ಟು ಲೋಹದ ಚುಕ್ಕೆ: ಒಂದು ಕಪ್ಪು, ಒಂದು ಹಳದಿ, ಒಂದು ಕೆಂಪು, ಒಂದು ಬಿಳಿ. ಟೇಪಕ್ಕ ಎರಡು ದಿನ ಅದನ್ನು ಮುಂದಿಟ್ಟುಕೊಂಡು ಕೂತು, ಕೊನೆಗೆ "ಸೋತೆ" ಎಂದಿದ್ದಳು. ಆ ಮಾತು ಅವಳ ಬಾಯಲ್ಲಿ ಗಾರ್ಡಣ್ಣ ಅರವತ್ತು ವರ್ಷದಲ್ಲಿ ಕೇಳಿದ್ದು ಅದೊಂದೇ ಸಲ. ಗುರುತಾಗದ್ದರಿಂದ ಕೋಲು ಮೇಸ್ತ್ರಿಯ ಕೆಲಸದ ಮನೆಯ ಗೂಡಿಗೆ ವಾಪಸಾಗಿತ್ತು.

"ಅದರ ಬಗ್ಗೆ ಮೇಸ್ತ್ರಿ ನಿನಗೇನೂ ಹೇಳಿರಲಿಲ್ವಾ?" ಎಂದು ಹೊರಗೆ ನಡೆಯುತ್ತ ಟೇಪಕ್ಕ ಶಿಷ್ಯೆಯನ್ನು ಕೇಳಿದಳು.

"ಗುರುಗಳು ನನ್ನನ್ನ ಬೈದಿದ್ದೇ ಒಂದು ಸಲ, ಅದೂ ಆ ಕೋಲಿಗೆ. ಮೇಜಿಗೆ ಹಲಗೆ ಅಳೆಯೋಕೆ ಎತ್ಕೊಂಡಿದ್ದೆ. ಇಡು ಅಲ್ಲಿ, ಅದು ಸುಳ್ಳು ಹೇಳುತ್ತೆ, ಅದು ಮರಕ್ಕೆ ಮಾಡಿದ್ದಲ್ಲ ಅಂದ್ರು. ಯಾಕೆ ಅಂತ ಕೇಳೋ ಧೈರ್ಯ ಬರ್ಲಿಲ್ಲ."

"ಮರಗೆಲಸದೋನ ಮನೇಲಿ ಮರಕ್ಕಲ್ಲದ ಕೋಲು," ಎಂದು ಟೇಪಕ್ಕ ತನಗೇ ಹೇಳಿಕೊಂಡಳು.

ಸಂಜೆ ಕೆಲಸದ ಮನೆಯ ಬೀಗ ತೆಗೆಯಲು ಅಳಿಯನೇ ಬಂದ. ಹಳೆಯ ಮೇಜು ಕುರ್ಚಿ ರಿಪೇರಿ ಮಾಡಿ ಮಾರುವ ಅಂಗಡಿಯವನು, ಮಾತು ಮೃದು, ಜೇಬಿನಲ್ಲಿ ಸದಾ ಒಂದು ಸುರುಳಿ ಟೇಪು.

"ಮಾವನ ಹತ್ರ ನಾನೂ ಎಂಟು ತಿಂಗಳು ಕಲಿತೋನೇ," ಎಂದ ನಗುತ್ತ. "ಗರಗಸ ಹಿಡಿಯೋದು ಕಲಿಯೋಷ್ಟ್ರಲ್ಲಿ ಮಗಳನ್ನ ಕೊಟ್ರು. ಅಲ್ಲಿಗೆ ವಿದ್ಯೆ ಮುಗೀತು."

"ಮುಚ್ಚಳ ಹೋಯ್ತಲ್ಲ, ಮನೆಯೋರಿಗೆ ಬೇಜಾರಾಯ್ತೇನೋ."

ಅವನ ನಗು ನಿಂತಿತು. "ಅವಳಿಗಿನ್ನೂ ಹೇಳಿಲ್ಲ ಅಕ್ಕ. ಪೆಟ್ಟಿಗೆ ಗಾಡಿ ಹತ್ತಿದ ದಿನ ಅದರ ಮೇಲೆ ಕೈಯಿಟ್ಟು ನಿಂತಿದ್ಲು. ಆಮೇಲೆ ಮೂರು ದಿನ ಊಟ ಸೇರ್ಲಿಲ್ಲ."

ಹತ್ಯಾರುಗಳೆಲ್ಲ ಶಾಲೆಗೆ ಹೋಗಿದ್ದರಿಂದ ಕೋಣೆ ಬರಿದಾಗಿತ್ತು. ಕೆಲಸದ ಹಲಗೆ, ಮರದ ತುಂಡುಗಳು, ಚಕ್ರ ತಿರುಗಿಸಿ ಆಡಿಸುವ ಸಾಣೆಕಲ್ಲು. ತಲೆಯ ಮೇಲೆ ತೊಲೆಗಳಿಂದ ಧೂಳು ಹಿಡಿದ ವಿಚಿತ್ರ ವಸ್ತುಗಳು ಜೋತಾಡುತ್ತಿದ್ದವು: ನೀರು ಬರಲು ತೂತೇ ಇಲ್ಲದ ಮರದ ನಲ್ಲಿ, ಮರದ ಹಲ್ಲುಚಕ್ರ, ಸಾಣೆಕಲ್ಲಿನ ಕಬ್ಬಿಣದ ಚಕ್ರದಂಥದೇ ಒಂದು ಮರದ ಚಕ್ರ. ಟೇಪಕ್ಕ ಅವನ್ನೆಲ್ಲ ಕತ್ತೆತ್ತಿ ನೋಡಿ, ಗೂಡಿನಿಂದ ಕೋಲನ್ನು ತೆಗೆದಳು. ಸೂಜಿಯೊಂದನ್ನು ಸೆರಗಿನಿಂದ ಕಿತ್ತು, ಕಪ್ಪು ಚುಕ್ಕೆಯಿದ್ದ ಮುಖದ ಗೆರೆಗಳಲ್ಲಿ ಗೀರಿ, ಬಂದದ್ದನ್ನು ಕಾಗದದಲ್ಲಿ ಮಡಚಿಕೊಂಡಳು. ಕಡುಗೆಂಪು ಪುಡಿ. ಉಳಿದ ಮೂರು ಮುಖಗಳಲ್ಲಿ ಅದು ಇರಲಿಲ್ಲ.

ಮರುದಿನ ಬೆಳಿಗ್ಗೆ ಗಾರ್ಡಣ್ಣ ಹೊಸ ಪ್ಯಾಂಟು ಹಾಕಿಕೊಂಡು ಕಾಫಿಗೆ ಬಂದ. ಟೇಪಕ್ಕ ಅವನ ಕಣಕಾಲಿನ ಕಡೆ ನೋಡಿದಳು.

"ಏನೋ ಇದು? ಹೊಳೆ ದಾಟ್ತಿದ್ದೀಯಾ?"

"ಒಂದು ಒಗೆತಕ್ಕೇ ಕುಗ್ಗಿಬಿಡ್ತು ಅಕ್ಕ."

"ನನ್ನ ಹತ್ರ ಹೊಲಿಸದೆ ಮೂಲೆ ಅಂಗಡಿಯೋನಿಗೆ ಕೊಟ್ರೆ ಹೀಗೇ ಆಗೋದು. ಬಟ್ಟೆ ನೆನೆಸದೆ ಕತ್ತರಿಸಿದ್ದಾನೆ. ನೆನೆಸೋಕೆ ಪುರಸೊತ್ತಿಲ್ಲ ಅಂದ್ರೆ, ಮುಂದೆ ಎಷ್ಟು ಕುಗ್ಗುತ್ತೋ ಅಷ್ಟನ್ನ ಅಳತೇಲೇ ಹೆಚ್ಚು ಬಿಟ್ಟು…"

ಮಾತು ಅಲ್ಲಿಗೇ ನಿಂತಿತು. ಲೋಟ ಕೆಳಗಿಟ್ಟಳು. ತಮ್ಮನ ಪ್ಯಾಂಟಿನ ಅಂಚನ್ನು ಅಂಥ ಪ್ರೀತಿಯಿಂದ ಅವಳು ಎಂದೂ ನೋಡಿರಲಿಲ್ಲ.

"ಏಳೋ. ಆ ಕೆಲಸದ ಮನೆಗೆ ಹೋಗ್ಬೇಕು. ಎರಡು ಚಕ್ರ ಅಳೆಯೋದಿದೆ."

"ಪ್ಯಾಂಟು ಬದಲಾಯಿಸ್ಲಾ?"

"ಬೇಡ. ಅದಕ್ಕೊಂದು ನಮಸ್ಕಾರ ಮಾಡು, ನಡಿ."

ಅಂದು ಸಂಜೆ ನಾಲ್ಕಕ್ಕೆ ಶಾಲೆಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಪ್ರಿನ್ಸಿಪಾಲರು ಗಡಿಯಾರ ನೋಡುತ್ತಿದ್ದರು. ಡ್ರಾಯಿಂಗ್ ಮೇಷ್ಟ್ರು ಪಟ್ಟಿ ಹಿಡಿದಿದ್ದರು. ಶಿಷ್ಯೆ ಗೋಡೆಗೊರಗಿ ನೆಲ ನೋಡುತ್ತಿದ್ದಳು. ಅಳಿಯನ ಪಕ್ಕದಲ್ಲಿ ಮೇಸ್ತ್ರಿಯ ಮಗಳೂ ಕೂತಿದ್ದಳು; ಟೇಪಕ್ಕ ಹೇಳಿಕಳಿಸಿದ್ದರಿಂದ ಬಂದಿದ್ದಳು, ಯಾಕೆಂದು ಅವಳಿಗಿನ್ನೂ ತಿಳಿದಿರಲಿಲ್ಲ. ಮೇಜಿನ ಮೇಲೆ ಬಟ್ಟೆ ಮುಚ್ಚಿದ ಮೂರು ವಸ್ತುಗಳಿದ್ದವು.

"ಕಳ್ಳನಿಗಿಂತ ಮೊದಲು ಕೋಲಿನ ವಿಷಯ ಹೇಳ್ತೀನಿ," ಎಂದು ಟೇಪಕ್ಕ ನಾಲ್ಕು ಮುಖದ ಕೋಲನ್ನು ಎತ್ತಿ ಹಿಡಿದಳು. "ತಿಂಗಳ ಹಿಂದೆ ಇದಕ್ಕೆ ಸೋತಿದ್ದೆ. ಎಲ್ಲರೂ ಇದನ್ನ ಕೆಟ್ಟುಹೋದ ಅಳತೆಕೋಲು ಅಂದ್ಕೊಂಡಿದ್ವಿ. ಕೆಟ್ಟಿಲ್ಲ. ಬೇಕೂಂತಲೇ ಹೀಗೆ ಮಾಡಿದ್ದು. ಮೇಸ್ತ್ರಿ ಮೇಜು ಕುರ್ಚಿ ಮಾಡೋಕೆ ಮುಂಚೆ ಏನು ಮಾಡ್ತಿದ್ರು ತಾಯಿ?"

"ಎರಕದ ಕಾರ್ಖಾನೆಗೆ ಕೆಲಸ ಮಾಡ್ತಿದ್ರು," ಎಂದಳು ಮಗಳು. "ನಾನು ಚಿಕ್ಕೋಳಿದ್ದಾಗಲೇ ಅದು ಮುಚ್ಚಿಹೋಯ್ತು."

ಟೇಪಕ್ಕ ಬಟ್ಟೆ ಸರಿಸಿ ಎರಡು ಚಕ್ರಗಳನ್ನು ತೋರಿಸಿದಳು. ಒಂದು ತೊಲೆಯಿಂದ ಇಳಿಸಿದ ಮರದ್ದು, ಇನ್ನೊಂದು ಸಾಣೆಕಲ್ಲಿನಿಂದ ಬಿಚ್ಚಿದ ಕಬ್ಬಿಣದ್ದು. "ಮರದ ಮಾದರಿ ಮಾಡಿ ಮರಳಲ್ಲಿ ಒತ್ತಿ ತೆಗೀತಾರೆ. ಆ ಗುಂಡಿಗೆ ಕಾದ ಕಬ್ಬಿಣ ಹೊಯ್ತಾರೆ. ಆರಿದ ಮೇಲೆ ಏನಾಗುತ್ತೆ? ನಮ್ಮ ತಮ್ಮನ ಪ್ಯಾಂಟಿನ ಹಾಗೆ ಕುಗ್ಗುತ್ತೆ." ಎಲ್ಲರೂ ಗಾರ್ಡಣ್ಣನ ಕಾಲು ನೋಡಿದರು. ಅವನು ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. "ಕಬ್ಬಿಣದ ಚಕ್ರ ಸರಿಯಾಗಿ ಒಂದಡಿ ಇದೆ. ಅದಕ್ಕೆ ಮಾದರಿಯಾಗಿದ್ದ ಮರದ ಚಕ್ರ ಒಂದಡಿ ಮೇಲೆ ಅರೆಕಾಲು ಇಂಚು. ಪ್ರತಿಯೊಂದಕ್ಕೂ ಲೆಕ್ಕ ಹಾಕ್ತಾ ಕೂರೋದು ಯಾರು? ಅದಕ್ಕೇ ಕೋಲಿನ ಇಂಚನ್ನೇ ಒಂದು ಚೂರು ಉದ್ದ ಮಾಡಿಬಿಟ್ರು. ಒಂದೊಂದು ಲೋಹ ಒಂದೊಂದು ಥರ ಕುಗ್ಗೋದ್ರಿಂದ ನಾಲ್ಕು ಮುಖ. ಕಪ್ಪು ಚುಕ್ಕೆ ಕಬ್ಬಿಣ, ಹಳದಿ ಹಿತ್ತಾಳೆ, ಕೆಂಪು ತಾಮ್ರ, ಬಿಳಿ ಅಲ್ಯೂಮಿನಿಯಂ. ಲೋಹಕ್ಕೆ ಸತ್ಯ ಹೇಳೋ ಕೋಲು. ಮರಕ್ಕೆ ಮಾತ್ರ ಸುಳ್ಳು ಹೇಳುತ್ತೆ."

ಡ್ರಾಯಿಂಗ್ ಮೇಷ್ಟ್ರು ಪೆನ್ನು ತೆಗೆದರು, ಆದರೆ ಬರೆಯುವುದನ್ನು ಮರೆತು ಕೂತರು.

"ಈಗ ಈ ನಕಲಿ ಮುಚ್ಚಳ. ಅಡಿಗೆ ಅರೆಕಾಲು ಇಂಚು ಹೆಚ್ಚು, ಎರಡಡಿಗೆ ಕಾಲಿಂಚು ಹೆಚ್ಚು. ಕೈ ತಪ್ಪಿದ್ರೆ ಹೀಗೆ ಲೆಕ್ಕದ ಪ್ರಕಾರ ತಪ್ಪಲ್ಲ. ಕಪ್ಪು ಚುಕ್ಕೆಯ ಮುಖದಲ್ಲಿ ಅಳೆದ್ರೆ ಮಾತ್ರ ಹೀಗಾಗುತ್ತೆ. ಆ ಗೆರೆಗಳಲ್ಲೇ ಕೆಂಪು ಮರದ ಪುಡಿ ಸಿಕ್ತು. ತಿಂಗಳ ಹಿಂದೆ ಅದು ಇರಲಿಲ್ಲ, ಎರಡು ದಿನ ನಾನು ಆ ಗೆರೆಗಳನ್ನ ದಿಟ್ಟಿಸಿದ್ದೀನಿ. ಅಂದ್ರೆ ನಕಲು ಮಾಡಿದೋರು ಕೆಲಸದ ಮನೇಲಿ ಕೂತು, ಕಾಗದದಲ್ಲಿದ್ದ ಸಂಖ್ಯೆ ನೋಡಿ, ಈ ಕೋಲಿಂದ ಅಳೆದಿದ್ದಾರೆ."

"ಆ ಮನೆ ಕೀ ಇವರ ಹತ್ರಾನೂ ಇತ್ತಲ್ಲ," ಎಂದರು ಪ್ರಿನ್ಸಿಪಾಲರು, ಶಿಷ್ಯೆಯ ಕಡೆ ಕೈ ತೋರಿಸಿ.

"ಇತ್ತು. ಅಸಲಿ ಮುಚ್ಚಳಾನೂ ದಿನಾ ಇವಳ ಕೈಯಲ್ಲೇ ಇತ್ತು. ಅದನ್ನಿಟ್ಟು ಗೀರು ಹಾಕೋದು ಬಿಟ್ಟು ಸಂಖ್ಯೆ ಯಾಕೆ ಬೇಕು? ಅದಿರಲಿ, ನಾನು ಕೇಳೋ ಪ್ರಶ್ನೆ ಒಂದೇ. ಈ ಕೋಲು ಸುಳ್ಳು ಹೇಳುತ್ತೆ ಅಂತ ಗೊತ್ತಿಲ್ಲದೆ ಇದ್ದೋರು ಯಾರು? ಇವಳಿಗೆ ಗೊತ್ತಿತ್ತು, ಮೇಸ್ತ್ರಿ ಬೈದಿದ್ರು. ಮೇಷ್ಟ್ರಿಗೆ ಗೊತ್ತಿತ್ತು, ಇಂಚು ಹೊಂದಲ್ಲ ಅಂತ ನನ್ನ ಮನೆಗೆ ತಂದೋರೇ ಅವರು. ಪ್ರಿನ್ಸಿಪಾಲರು, ತಪ್ಪು ತಿಳೀಬೇಡಿ, ಗೋಡೆಗೆ ಮೊಳೆ ಹೊಡೆಯೋಕೂ ಜವಾನನ್ನ ಕರೀತಾರೆ. ಇದನ್ನ ನಂಬಿದೋರು ಒಬ್ಬರೇ. ಎಂಟೇ ತಿಂಗಳು ಕಲಿತು, ಈ ಕೋಲಿನ ಪಾಠಕ್ಕೆ ಬರೋ ಮುಂಚೆ ಹೊರಟುಹೋದೋರು. ಪಟ್ಟಿಯ ಒಂದು ಪ್ರತಿ ತಮ್ಮ ಮನೇಲಿ ಇಟ್ಕೊಂಡಿದ್ದೋರು. ಎರಡು ಫೋಟೋ ತಂದೆ ಅಂತ ಹೇಳಿ, ಒಂದನ್ನ ದುಪ್ಪಟಿ ಸುತ್ತಿ ವಾಪಸ್ ಒಯ್ದೋರು. ಆ ದುಪ್ಪಟೀಲಿ ಬರುವಾಗಲೂ ಹೋಗುವಾಗಲೂ ಇದ್ದಿದ್ದು ಫೋಟೋ ಅಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅಳಿಯನ ಕೈ ತನ್ನ ಜೇಬಿನ ಟೇಪಿಗೆ ಹೋಯಿತು. ಆಮೇಲೆ ಅಲ್ಲೇ ಸೋತು ಬಿತ್ತು.

"ಟೇಪು ಜೇಬಲ್ಲೇ ಇತ್ತು ಅಕ್ಕ," ಎಂದ. "ಗೂಡಲ್ಲಿ ಮಾವನ ಕೋಲು ಕಂಡ್ತು. ಅವರ ಕೆಲಸಕ್ಕೆ ಅವರ ಕೋಲೇ ಸರಿ, ಕೂದಲೆಳೆನೂ ತಪ್ಪಬಾರದು ಅಂತ… ಮೂರು ಭಾನುವಾರ ಕೂತು ಮಾಡಿದೆ. ಶನಿವಾರ ಇಟ್ಟು ನೋಡಿದ್ರೆ ಕೂರ್ಲಿಲ್ಲ. ಹೊರಗೆ ಹೆಜ್ಜೆ ಸಪ್ಪಳ ಕೇಳ್ತು. ಬಟ್ಟೆ ಮುಚ್ಚಿ ಬಂದ್ಬಿಟ್ಟೆ."

"ಮಾರೋಕಾ?" ಎಂದರು ಪ್ರಿನ್ಸಿಪಾಲರು.

"ಅಯ್ಯೋ, ಮಾರೋದೇ! ಮನೇಲಿದೆ, ಬೀರು ಹಿಂದೆ. ಇವಳ ಕೈಗೆ ಕೊಡ್ಬೇಕು ಅಂತಲೇ ತಂದಿದ್ದು. ಶಾಲೆಗೂ ಒಂದಿರುತ್ತೆ, ಯಾರಿಗೂ ನಷ್ಟ ಇಲ್ಲ ಅಂದ್ಕೊಂಡೆ."

"ಯಾರಿಗೂ ನಷ್ಟ ಇಲ್ವಾ?" ಎಂದಳು ಮಗಳು. "ನಿಮ್ಮಿಂದ ಇವಳು ಕಳ್ಳಿ ಅನ್ನಿಸ್ಕೊಂಡು ನಿಂತಿದ್ದಾಳೆ. ಅಪ್ಪನ ಕೊನೇ ದಿನಗಳಲ್ಲಿ ಅನ್ನ ಕಲಸಿ ತಿನ್ನಿಸಿದ ಕೈ ರೀ ಅದು. ನೀವು ಬಾಯಿ ಮುಚ್ಕೊಂಡಿದ್ರಿ."

ಅಳಿಯ ಎದ್ದು ಶಿಷ್ಯೆಯ ಮುಂದೆ ಹೋಗಿ ನಿಂತ. "ಮುಚ್ಚಳ ತೆಗೆದಿದ್ದಕ್ಕಿಂತ ಸುಮ್ಮನಿದ್ದಿದ್ದು ದೊಡ್ಡ ತಪ್ಪಮ್ಮ. ಕ್ಷಮಿಸು ಅಂತ ಕೇಳೋಕೂ ಮುಖ ಇಲ್ಲ." ಶಿಷ್ಯೆ ತಲೆಯಾಡಿಸಿದಳು, ಕ್ಷಮಿಸಿದಳೋ ಇಲ್ಲವೋ, ಗಾರ್ಡಣ್ಣನಿಗೆ ತಿಳಿಯಲಿಲ್ಲ. ಅಂಥದ್ದೆಲ್ಲ ಒಂದೇ ಸಂಜೆಗೆ ಆಗುವಂಥದ್ದೂ ಅಲ್ಲ.

ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು. ಜೇಬಿನಿಂದ ಕೀ ಗೊಂಚಲು ತೆಗೆದು, ಎಲ್ಲರ ಎದುರಿಗೇ ಶಿಷ್ಯೆಯ ಕೈಗಿಟ್ಟು, "ನಾನು ಅವಸರ ಪಟ್ಟೆ," ಎಂದರು. ಆ ನಾಲ್ಕು ಗೋಡೆಗಳ ನಡುವೆ ಅವರಿಂದ ಅಷ್ಟು ಬಂದದ್ದೇ ಹೆಚ್ಚು. ಶಿಷ್ಯೆ ಗೊಂಚಲನ್ನು ಎದೆಗೊತ್ತಿಕೊಂಡಳು. ಆಗ ಅವಳ ಕಣ್ಣು ತುಂಬಿತು. ಗಾರ್ಡಣ್ಣನೂ ಕನ್ನಡಕ ಒರೆಸಿಕೊಂಡ.

ಕತ್ತಲಾಗುವ ಮುಂಚೆ ಅಳಿಯ ಅಸಲಿ ಮುಚ್ಚಳವನ್ನು ತಂದ. ಶಿಷ್ಯೆ ಅದನ್ನು ಪೆಟ್ಟಿಗೆಯ ಬಾಯಿಗಿಟ್ಟು ಕೈಬಿಟ್ಟಳು. ಉಸಿರು ಬಿಟ್ಟಂಥ ಒಂದು ಸದ್ದಾಗಿ ಅದು ತಾನಾಗಿಯೇ ಇಳಿದು ಕೂತಿತು. ಮೇಸ್ತ್ರಿಯ ಮಗಳು ಅದರ ಅಂಗೈಯನ್ನು ಒಮ್ಮೆ ಸವರಿ, "ಇಲ್ಲೇ ಇರ್ಲಿ. ಅಪ್ಪ ಹೇಳಿದ್ದು ಇಲ್ಲಿಗೇ," ಎಂದಳು.

"ಹಾಗಾದ್ರೆ ಈ ನಕಲಿ ಯಾರಿಗೆ?" ಎಂದರು ಮೇಷ್ಟ್ರು. ಅವರು ಪಟ್ಟಿಯಲ್ಲಿ *ಗುರುತಾಗಿಲ್ಲ* ಎಂಬುದನ್ನು ಹೊಡೆದುಹಾಕಿ, *ಎರಕದ ಅಳತೆಕೋಲು* ಎಂದು ದುಂಡಗೆ ಬರೆಯುತ್ತಿದ್ದರು.

ಶಿಷ್ಯೆ ಅದನ್ನು ಮೇಜಿನಿಂದ ಎತ್ತಿದಳು. ಅಂಚನ್ನು ಹೆಬ್ಬೆರಳಿನಿಂದ ತಡವಿ ನೋಡಿದಳು. "ಕೆಲಸ ಚೆನ್ನಾಗಿದೆ," ಎಂದಳು, ಯಾರ ಮುಖವನ್ನೂ ನೋಡದೆ. ಆಮೇಲೆ ಅದನ್ನು ಗುರುವಿನ ಮಗಳ ಮಡಿಲಲ್ಲಿಟ್ಟಳು. "ನೀವು ತಗೊಂಡು ಹೋಗಿ ಅಕ್ಕ."

ಅವಳು ಬೇಡವೆನ್ನಲಿಲ್ಲ. ತನ್ನ ನಲವತ್ತು ದಾಟಿದ ಕೈಯನ್ನು ಆ ಪುಟ್ಟ ಅಂಗೈಯ ಮೇಲಿಟ್ಟು, ಗಂಡನ ಕಡೆ ನೋಡದೆ, ಟೇಪಕ್ಕನನ್ನು ಕೇಳಿದಳು.

"ಇದೂ ಆ ಕೋಲಲ್ಲೇ ಅಳೆದಿದ್ದಾ ಅಕ್ಕ? ಹಾಗಾದ್ರೆ ಈ ಕೈಯೂ ಹೆಚ್ಚಾಗಿರಬೇಕಲ್ಲ?"

"ಒಂದು ಕೂದಲೆಳೆಯಷ್ಟು."

"ಅಪ್ಪ ಮಾಡಿದ್ರಲ್ಲಿ ನನಗೆ ಐದೇ ವರ್ಷ," ಎಂದಳು ಅವಳು, ಕೈ ತೆಗೆಯದೆ. "ಇದರಲ್ಲಿ ಸ್ವಲ್ಪ ಬೆಳೆದಿದ್ದೀನಿ."